ಕಾರ್ಸೇರ್ ರೆಕ್ಕೆಯ ನೀಲಿಯನ್ನು ಮಾಸಿಸಿದ ಬಗೆ

ಎರಡನೇ ಮಹಾಯುದ್ಧದ ಅಮೆರಿಕನ್ ಯುದ್ಧವಿಮಾನ ಎಫ್4ಯು-1ಎ ಕಾರ್ಸೇರ್‌ನ, ಜಪಾನಿನ ಟಮಿಯಾ ಕಂಪನಿಯ 1/48 ಅಳತೆಯ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸಲು ನನಗೆ ಎರಡು ವಾರ ಸಾಕಾಯಿತು. ಅದರ ಬಣ್ಣವನ್ನು ಹಳತು ಮಾಡಲು ಎರಡು ತಿಂಗಳು ಹಿಡಿಯಿತು. 1943ರ ಕೊನೆಯ ತಿಂಗಳುಗಳಲ್ಲಿ ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಮುಂಡಾ, ಬರಕೋಮಾ ನೆಲೆಗಳಿಂದ ಹಾರುತ್ತಿದ್ದ ಈ ವಿಮಾನಗಳು ಹವಳದ ಕಲ್ಲನ್ನು ಪುಡಿಮಾಡಿ ಹಾಸಿದ ರನ್‌ವೇಯ ಬಿಳಿ ದೂಳಿಗೂ ಉಪ್ಪುಗಾಳಿಗೂ ಉರಿಬಿಸಿಲಿಗೂ ಮೈಯೊಡ್ಡಿ ನಿಂತಿರುತ್ತಿದ್ದವಾದ್ದರಿಂದ, ಬೆನ್ನಿನ ಗಾಢ ಸಮುದ್ರನೀಲಿ ಬೇಗನೆ ಬೂದಿ ಬೆರೆತ ನೀಲಿಗೆ ತಿರುಗುತ್ತಿತ್ತು. ನನಗೆ ಬೇಕಿದ್ದುದು ಆ ನೀಲಿ.

ಮೊದಲ ಸಲ ಟಮಿಯಾದ ಎಕ್ಸ್‌ಎಫ್-17 ಎಂಬ ಸಮುದ್ರನೀಲಿ ಬಣ್ಣಕ್ಕೆ ಬಿಳಿಯನ್ನು ಬೆರೆಸಿ ಇಡೀ ರೆಕ್ಕೆಗೆ ಹೊಡೆದೆ. ವಿಮಾನ ಹಳತಾಗಲಿಲ್ಲ, ಮಕ್ಕಳ ಆಟಿಕೆಯಾಯಿತು. ಬಿಳಿಯು ಬಣ್ಣವನ್ನು ತಿಳಿಯಾಗಿಸುತ್ತದೆಯೇ ಹೊರತು ಮಾಸಿಸುವುದಿಲ್ಲ. ಎಲ್ಲವನ್ನೂ ತೊಳೆದು, ಕಪ್ಪು ಪ್ರೈಮರ್ (ತಳಬಣ್ಣ) ಮೇಲೆ ತೆಳು ನೀಲಿಯನ್ನು ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಿಂದ ಅಂಕುಡೊಂಕಾದ ಎಳೆಗಳಾಗಿ ಬಿಡಿಸಿ, ಕಪ್ಪು ಅಲ್ಲಲ್ಲಿ ಇಣುಕುವಂತೆ ಉಳಿಸಿ, ಕೊನೆಗೆ ನಾಲ್ಕಾರು ಹನಿ ಬಫ್ (ತಿಳಿ ಹಳದಿಗಂದು) ಬೆರೆಸಿದ ಅದೇ ನೀಲಿಯಿಂದ ಎಲ್ಲವನ್ನೂ ಒಂದುಗೂಡಿಸಿದೆ.

ಇಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ. ಈ ವಿಮಾನದ ಹೊರರೆಕ್ಕೆಯಲ್ಲಿ ರೆಕ್ಕೆಯುದ್ದಕ್ಕೂ ಸಾಗುವ ಮುಖ್ಯ ತೊಲೆಯ ಹಿಂದಿನ ಭಾಗ ಲೋಹದ್ದಲ್ಲ, ಬಟ್ಟೆಯದು. ಬಾಲದ ಚುಕ್ಕಾಣಿಯೂ ಹಾಗೆಯೇ. ಬಟ್ಟೆಯ ಮೇಲಿನ ಬಣ್ಣವೂ ಅಲ್ಯುಮಿನಿಯಂ ಮೇಲಿನ ಬಣ್ಣವೂ ಒಂದೇ ರೀತಿ ಮಾಸಲಾರವು ಎಂದು, ಬಟ್ಟೆಯ ಭಾಗಗಳನ್ನು ಮಾತ್ರ ಮರೆಮಾಡುವ ಟೇಪಿನಿಂದ ಬೇರ್ಪಡಿಸಿ ಇನ್ನೊಂದು ಸುತ್ತು ಬಫ್ ಹಾಯಿಸಿದೆ. ಬಟ್ಟೆಯ ಮೇಲೆ ಲೋಹ ಕಾಣುವಂತೆ ಬಣ್ಣ ಕಿತ್ತ ಗುರುತು ಹಾಕುವುದು ಶುದ್ಧ ತಪ್ಪು; ಅದು ರೆಕ್ಕೆಯ ಬುಡದಲ್ಲಿ, ಬೂಟುಗಳು ಹವಳದ ಹರಳನ್ನು ಉಜ್ಜುವ ಕಡೆ ಇರಬೇಕು.

ಮುಂದಿನದು ತೈಲವರ್ಣದ ಕೆಲಸ. ಬಿಳಿ, ಓಕರ್ (ಮಣ್ಣಿನ ಹಳದಿ), ತಿಳಿನೀಲಿಗಳನ್ನು ರಟ್ಟಿನ ಮೇಲೆ ಅರ್ಧ ಗಂಟೆ ಇಟ್ಟರೆ ಅಗಸೆ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ; ಇಲ್ಲವಾದರೆ ಒಣಗಿದ ಮೇಲೂ ಹೊಳಪು ಬಿಡುವುದಿಲ್ಲ. ಸಾಸಿವೆ ಗಾತ್ರದ ಚುಕ್ಕೆಗಳನ್ನಿಟ್ಟು, ತುಸುವೇ ಒದ್ದೆಯಾದ ಚಪ್ಪಟೆ ಕುಂಚದಿಂದ ಗಾಳಿ ಹರಿಯುವ ದಿಕ್ಕಿಗೇ ಎಳೆಯುತ್ತ, ಚುಕ್ಕೆ ಮಾಯವಾಗಿ ಅದರ ಛಾಯೆ ಮಾತ್ರ ಉಳಿಯುವವರೆಗೆ ಎಳೆಯಬೇಕು. ಜುಲೈ ತಿಂಗಳ ಮಳೆಗಾಲದಲ್ಲಿ ವಾರ್ನಿಷ್ ಪೂರ್ತಿ ಒಣಗುವ ಮೊದಲೇ ಅವಸರಪಟ್ಟು ಟರ್ಪೆಂಟೈನ್ ಸವರಿದ್ದರಿಂದ ಎಡರೆಕ್ಕೆಯ ಬೆರಳಗಲದಷ್ಟು ಬಣ್ಣ ಪ್ರೈಮರ್ ಸಮೇತ ಎದ್ದುಬಂತು. ಆ ಮೂಲೆಯನ್ನು ಮತ್ತೆ ಬಳಿದೆ, ಗೊತ್ತಿದ್ದವರಿಗೆ ಈಗಲೂ ಕಾಣುತ್ತದೆ.

ಕಾಕ್‌ಪಿಟ್ ಮುಂದಿನ 237 ಗ್ಯಾಲನ್ ಇಂಧನ ತೊಟ್ಟಿ ಸೋರುತ್ತಿದ್ದುದರಿಂದ ನೆಲದ ಸಿಬ್ಬಂದಿ ಅಲ್ಲಿಯ ಸಂದುಗಳಿಗೆ ಟೇಪ್ ಅಂಟಿಸುತ್ತಿದ್ದರು. ಆ ಪಟ್ಟಿಗಳನ್ನು ಬಿಳಿಯಾಗಿ ಬಳಿದು, ಅಂಚಿಗೆ ಮಾತ್ರ ಕಂದು ಕೊಳೆ ಹಚ್ಚಿದೆ. ಬಿಳಿ ಹೊಟ್ಟೆಯ ಮೇಲಿನ ಹೊಗೆಯ ಕಲೆಯನ್ನು ಕಂದು ಮಿಶ್ರಿತ ಕಪ್ಪಿನಿಂದ, ಹನ್ನೊಂದು ಬಾರಿ ನೀರಿನಷ್ಟು ತೆಳುವಾಗಿ ಹೊಡೆದು ಎಬ್ಬಿಸಿದೆ. ಕೊನೆಗೆ ಹೊಡೆಯುವ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಎಲ್ಲ ಬಣ್ಣವನ್ನೂ ಇನ್ನೊಂದು ಮೆಟ್ಟಿಲು ಬಿಳಿಚಿಸುತ್ತದೆ ಎಂಬುದು ಹಿಂದಿನ ಮಾದರಿಯಿಂದ ತಿಳಿದಿತ್ತು. ಆದ್ದರಿಂದ ಈ ಸಲ ನನಗೆ ಬೇಕಿದ್ದ ಮಾಸಲಿಗಿಂತ ತುಸು ಗಾಢವಾಗಿರುವಾಗಲೇ ಕುಂಚ ಕೆಳಗಿಟ್ಟೆ.