ನಿಘಂಟು ಕೊನೆಗೆ: ಹೀಬ್ರೂ, ಗ್ರೀಕ್ ಪದಗಳ ಬೆನ್ನು ಹತ್ತಿದ ನನ್ನ ಅನುಭವ

ನನಗೆ ಗ್ರೀಕ್ ಬರುವುದಿಲ್ಲ. ಹೀಬ್ರೂ ಅಕ್ಷರ ಕೂಡಿಸಿ ಓದಲು ಬರುತ್ತದೆ, ಅಷ್ಟೆ. ದೇವಶಾಸ್ತ್ರ ಓದಿದವನೂ ಅಲ್ಲ. ಉಡುಪಿಯಲ್ಲಿ ಒಂದು ಸಹಕಾರಿ ಸಂಘದ ಲೆಕ್ಕ ಬರೆದು ನಿವೃತ್ತನಾದವನು. ಆದರೂ ನಮ್ಮ ಕಡೆಯ ಪ್ರಾರ್ಥನಾ ಕೂಟದಲ್ಲಿ ಬೈಬಲ್ ವಾಕ್ಯ ವಿವರಿಸುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೇ ಬಂದಿದೆ. ವಾಕ್ಯ ಓದಿ ಮುಗಿಸುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅದೆಲ್ಲ ಸರಿ ಮಾರಾಯ್ರೇ, ಮೂಲದಲ್ಲಿ ಏನುಂಟು?" ಮೂಲ ಎಂದರೆ ಹಳೆಯ ಒಡಂಬಡಿಕೆಗೆ ಮುಖ್ಯವಾಗಿ ಹೀಬ್ರೂ, ಹೊಸ ಒಡಂಬಡಿಕೆಗೆ ಗ್ರೀಕ್. ಆ ಪ್ರಶ್ನೆಗೆ ಭಾಷೆ ಬಾರದವನು ಎಷ್ಟರ ಮಟ್ಟಿಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಬಹುದು, ಎಲ್ಲಿ ಬಾಯಿ ಮುಚ್ಚಿಕೊಳ್ಳಬೇಕು ಎನ್ನುವುದನ್ನು ಬರೆಯುತ್ತೇನೆ.

ಮೊದಲು ಸಲಕರಣೆ. ಮೊಬೈಲಿನಲ್ಲಿ ಎಲ್ಲವೂ ಉಚಿತವಾಗಿ ಸಿಗುವ ಕಾಲ ಇದು. ಬೈಬಲ್ ಹಬ್, ಬ್ಲೂ ಲೆಟರ್ ಬೈಬಲ್, ಕೇಂಬ್ರಿಜ್‌ನ ಟಿಂಡೇಲ್ ಹೌಸ್‌ನವರ ಸ್ಟೆಪ್ ಬೈಬಲ್ — ಈ ಮೂರು ಬೈಬಲ್ ತಾಣಗಳಲ್ಲಿ ನಾನು ಹೆಚ್ಚು ಬಳಸುವುದು ಕೊನೆಯದನ್ನು. ಮೂಲದ ಸಾಲಿನ ಕೆಳಗೆ ಪದಕ್ಕೆ ಪದ ಇಂಗ್ಲಿಷ್ ಇರುತ್ತದೆ, ಪ್ರತಿ ಪದಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಪದ್ಧತಿ ಜೇಮ್ಸ್ ಸ್ಟ್ರಾಂಗ್ ಎಂಬ ಅಮೆರಿಕದ ವಿದ್ವಾಂಸ 1890ರಲ್ಲಿ ಪ್ರಕಟಿಸಿದ ಪದಸೂಚಿಯಿಂದ ಬಂದದ್ದು. ಹೀಬ್ರೂ ಪದಗಳಿಗೆ 8674ರವರೆಗೆ, ಗ್ರೀಕಿಗೆ 5624ರವರೆಗೆ ಸಂಖ್ಯೆಗಳಿವೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಸ್ಟ್ರಾಂಗ್ ಮಾಡಿದ್ದು ಮುಖ್ಯವಾಗಿ ಪದಸೂಚಿ. ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನಲ್ಲಿ ಯಾವ ಪದ ಎಲ್ಲೆಲ್ಲಿ ಬಂದಿದೆ, ಅದರ ಹಿಂದಿರುವ ಮೂಲಪದ ಯಾವುದು ಎಂದು ತೋರಿಸುವ ಪಟ್ಟಿ ಅದು. ಹಿಂಭಾಗದ ಪುಟ್ಟ ನಿಘಂಟಿನಲ್ಲಿ ಒಂದು ಸಂಖ್ಯೆಯ ಎದುರು ಎಂಟು ಹತ್ತು ಇಂಗ್ಲಿಷ್ ಪದಗಳು ಸಾಲಾಗಿ ಇದ್ದರೆ, ಅವುಗಳಲ್ಲಿ ಹೆಚ್ಚಿನವು ಆ ಅನುವಾದಕರು ಬೇರೆಬೇರೆ ಕಡೆ ಬಳಸಿದ ಪದಗಳು. ನಮಗೆ ಹಿಡಿಸಿದ್ದನ್ನು ಅದರಿಂದ ಎತ್ತಿಕೊಂಡು "ಮೂಲದಲ್ಲಿ ಹೀಗಿದೆ" ಎಂದು ಹೇಳಲಿಕ್ಕಾಗುವುದಿಲ್ಲ. ಕನ್ನಡದ "ಪಾಪ" ತೆಗೆದುಕೊಳ್ಳಿ. ನಿಘಂಟಿನಲ್ಲಿ ಮೊದಲು ಬರುವುದು ದುಷ್ಕೃತ್ಯ, ಅಧರ್ಮ. ಆದರೆ "ಪಾಪ, ಆ ಹುಡುಗನಿಗೆ ಬಸ್ಸು ತಪ್ಪಿತು" ಎಂದರೆ ಹುಡುಗ ಪಾಪಿ ಎಂದು ಯಾರಾದರೂ ತಿಳಿಯುತ್ತಾರೆಯೇ? ನಿಘಂಟು ಮಾತ್ರ ಕೈಯಲ್ಲಿರುವ ಪರದೇಶಿಯೊಬ್ಬ ತಿಳಿದಾನು. ಗ್ರೀಕಿನ ಮುಂದೆ ನಾವೆಲ್ಲ ಆ ಪರದೇಶಿಗಳೇ.

ಹಾಗಾಗಿ ನನ್ನ ಪದ್ಧತಿಯಲ್ಲಿ ನಿಘಂಟು ಕೊನೆಗೆ. ಪದದ ಸಂಖ್ಯೆ ಸಿಕ್ಕಿದ ಕೂಡಲೇ ಅರ್ಥ ನೋಡುವುದಿಲ್ಲ. ಆ ಪದ ಬೇರೆ ಎಲ್ಲೆಲ್ಲಿ ಬಂದಿದೆ ಎಂಬ ಪಟ್ಟಿ ತೆಗೆದು, ಅಷ್ಟೂ ವಾಕ್ಯಗಳನ್ನು ನಮ್ಮ ಹಳೆಯ ಕನ್ನಡ ಬೈಬಲಾದ ಸತ್ಯವೇದದಲ್ಲಿ ಒಂದೊಂದಾಗಿ ಬಿಡಿಸಿ ಓದುತ್ತೇನೆ. ಉದ್ದ ಹಾಳೆಯ ನೋಟ್‌ಬುಕ್ಕಿನಲ್ಲಿ ಎಡಕ್ಕೆ ವಾಕ್ಯದ ಸಂಖ್ಯೆ, ನಡುವೆ ಕನ್ನಡದವರು ಬಳಸಿದ ಪದ, ಬಲಕ್ಕೆ ಆ ಕೆಲಸ ಯಾರು ಯಾರಿಗೆ ಮಾಡಿದರು ಎಂಬುದು. ಖಾತೆ ಪುಸ್ತಕ ಬರೆದ ಕೈಗೆ ಇದು ಕಷ್ಟವಲ್ಲ. ಬಲಗಡೆಯ ಕಾಲಂ ತುಂಬುವ ಹೊತ್ತಿಗೆ ಅರ್ಧ ಅರ್ಥ ತಾನಾಗಿ ಬಂದಿರುತ್ತದೆ. ಆಮೇಲೆ ಬೇಕಿದ್ದರೆ ನಿಘಂಟು — ಹೀಬ್ರೂಗೆ ಬ್ರೌನ್, ಡ್ರೈವರ್, ಬ್ರಿಗ್ಸ್ ಮೂವರು ಸೇರಿ ಮಾಡಿದ್ದು. ಹಳೆಯದಾದರೂ ಸ್ಟ್ರಾಂಗ್‌ಗಿಂತ ಎಷ್ಟೋ ವಿವರವುಳ್ಳದ್ದು.

ಒಂದು ಪದವನ್ನೇ ಹತ್ತಿರದಿಂದ ತೋರಿಸುತ್ತೇನೆ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಸಮಾರ್ಯದವನು ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡು ಕನಿಕರಪಟ್ಟ. ಗ್ರೀಕಿನ ಕ್ರಿಯಾಪದ ಸ್ಪ್ಲಾಂಖ್ನಿಜೊಮಾಯ್, ಸಂಖ್ಯೆ 4697. ಹೊಸ ಒಡಂಬಡಿಕೆಯಲ್ಲಿ ಇದು ಬರುವುದು 12 ಸಲ ಮಾತ್ರ: ಮತ್ತಾಯದಲ್ಲಿ 5, ಮಾರ್ಕದಲ್ಲಿ 4, ಲೂಕದಲ್ಲಿ 3. ಬೇರೆ ಪುಸ್ತಕಗಳಲ್ಲಿ ಇಲ್ಲ. ಬಲಗಡೆಯ ಕಾಲಂ ಬರೆಯುತ್ತ ಹೋದರೆ ಒಂಬತ್ತು ಕಡೆ ಯೇಸುವೇ ಇದ್ದಾನೆ. ಉಳಿದ ಮೂರು ಯೇಸು ಹೇಳಿದ ಸಾಮ್ಯಗಳ ಒಳಗೆ: ಸಾಲ ಬಿಟ್ಟುಕೊಟ್ಟ ಧಣಿ, ಸಮಾರ್ಯದವನು, ಮನೆಬಿಟ್ಟು ಹೋಗಿದ್ದ ಮಗನ ತಂದೆ. ಲೂಕನ ಮೂರು ಸಂದರ್ಭಗಳನ್ನು ಒಟ್ಟಿಗೆ ಇಟ್ಟಾಗ ಇನ್ನೊಂದು ಕಂಡಿತು. ನಾಯಿನ್ ಊರಿನ ವಿಧವೆಯನ್ನು ಕಂಡು, ಗಾಯಗೊಂಡವನನ್ನು ಕಂಡು, ದೂರದಲ್ಲಿ ಬರುವ ಮಗನನ್ನು ಕಂಡು — ಮೂರು ಕಡೆಯೂ ಮೊದಲು ನೋಟ, ಹಿಂದೆಯೇ ಈ ಕ್ರಿಯಾಪದ. ಸಮಾರ್ಯದವನಿಗಿಂತ ಮೊದಲು ಅದೇ ದಾರಿಯಲ್ಲಿ ಬಂದ ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಆ ಗಾಯಾಳುವನ್ನು ಕಂಡರಲ್ಲ, ಅವರಿಗೆ ಕಂಡ ಮೇಲೆ ಈ ಪದವಿಲ್ಲ. ಆಚೆ ಬದಿ ಹಿಡಿದು ಹೋದರು. ಇದಕ್ಕೆ ಯಾವ ನಿಘಂಟೂ ಬೇಕಾಗಲಿಲ್ಲ.

ಆಮೇಲೆ ನಾಮಪದ ನೋಡಿದೆ: ಸ್ಪ್ಲಾಂಖ್ನ, ಎಂದರೆ ಒಳಗಿನ ಅಂಗಗಳು, ಕರುಳು. ಅಪೊಸ್ತಲರ ಕೃತ್ಯಗಳು 1:18ರಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನ ಹೊಟ್ಟೆ ಒಡೆದು ಹೊರಗೆ ಬೀಳುವುದು ಇದೇ ಪದ. ಅಲ್ಲಿ ಅದು ಶುದ್ಧ ಕರುಳು. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲ ಓಡಿಬಂದ ಆಳು ಒನೇಸಿಮನನ್ನು ಹಿಂದಕ್ಕೆ ಕಳುಹಿಸುತ್ತ "ಅವನು ನನ್ನ ಸ್ಪ್ಲಾಂಖ್ನವೇ" ಎನ್ನುತ್ತಾನೆ. ಇಂಗ್ಲಿಷಿನವರಿಗೆ ಇದು ಕಷ್ಟ ಕೊಟ್ಟಿದೆ. ಕಿಂಗ್ ಜೇಮ್ಸಿನವರು ಕರುಳು ಎಂದೇ ಇಟ್ಟರು, ಮುಂದಿನವರು ಓದಲು ಮುಜುಗರವಾಗಿ ಹೃದಯ ಎಂದು ಬದಲಿಸಿದರು. ನಮಗೇನು ಮುಜುಗರ? ಕರುಳಿನ ಕುಡಿ ಎನ್ನುತ್ತೇವೆ, ಕರುಳು ಚುರುಕ್ಕೆಂದಿತು ಎನ್ನುತ್ತೇವೆ. ಕೂಟದಲ್ಲಿ ಇಷ್ಟು ಹೇಳಿದ್ದೇ ತಡ, ಹಿಂದೆ ಕುಳಿತಿದ್ದ ಹಿರಿಯ ಅಕ್ಕ ಒಬ್ಬರು "ಹಾಗಾದರೆ ಬೈಬಲಿನಲ್ಲಿ ಕರುಳು ಅಂತಲೇ ಹಾಕಬಹುದಿತ್ತಲ್ಲ?" ಎಂದರು. ಹಾಕಬಹುದಿತ್ತು. ಆದರೆ ಕನಿಕರ ತಪ್ಪೂ ಅಲ್ಲ. ಕರುಳು ಚುರುಕ್ಕೆಂದಿತು ಎನ್ನುವಾಗ ನಮ್ಮಲ್ಲಿ ಯಾರಿಗೂ ಹೊಟ್ಟೆಯೊಳಗಿನ ಕರುಳಿನ ಚಿತ್ರ ಕಣ್ಣಿಗೆ ಬರುವುದಿಲ್ಲ. ಲೂಕನ ಓದುಗರಿಗೂ ಬಂದಿರಬೇಕಾಗಿಲ್ಲ. ಪದದ ಬೇರನ್ನು ಅಗೆದು ತೋರಿಸಿ ಸಭೆಯನ್ನು ಬೆರಗಾಗಿಸುವ ಆಸೆ ನನಗೂ ಉಂಟು, ಅದಕ್ಕೆ ಸ್ವಲ್ಪ ಕಡಿವಾಣ ಬೇಕು.

ಕಡಿವಾಣವಿಲ್ಲದ್ದಕ್ಕೆ ಉದಾಹರಣೆ ಎಲ್ಲರೂ ಕೇಳಿದ್ದೇವೆ. "ದುನಾಮಿಸ್ ಎಂದರೆ ಡೈನಮೈಟ್, ಸುವಾರ್ತೆ ದೇವರ ಡೈನಮೈಟ್!" ದುನಾಮಿಸ್ ಎಂದರೆ ಶಕ್ತಿ, ಪೌಲ ಸುವಾರ್ತೆಯ ಬಗ್ಗೆ ಬಳಸಿದ ಗ್ರೀಕ್ ಪದ. ಡೈನಮೈಟಿಗೆ ನೊಬೆಲ್ ಪೇಟೆಂಟ್ ಪಡೆದದ್ದು 1867ರಲ್ಲಿ, ಪೌಲನಿಗೆ ಅದರ ವಾಸನೆಯೂ ಇರಲಿಲ್ಲ. ಇನ್ನೊಂದು, ಯೋಹಾನ 21. ನನ್ನನ್ನು ಪ್ರೀತಿಸುತ್ತೀಯಾ ಎಂದು ಯೇಸು ಶಿಷ್ಯ ಪೇತ್ರನನ್ನು ಎರಡು ಸಲ ಅಗಪಾವೋ ಎಂಬ ಕ್ರಿಯಾಪದದಿಂದ ಕೇಳಿದ, ಪೇತ್ರ ಫಿಲೆಯೋ ಎಂಬುದರಿಂದ ಉತ್ತರಿಸಿದ, ಮೂರನೆಯ ಸಲ ಯೇಸುವೇ ಫಿಲೆಯೋಗೆ ಇಳಿದ. ಅಗಪೆ ದೈವಿಕ ಪ್ರೀತಿ, ಫಿಲಿಯ ಬರೇ ಸ್ನೇಹ ಎಂಬ ಪ್ರಸಂಗ. ಗ್ರೀಕಿನಲ್ಲಿ ಪದ ಬದಲಾಗುವುದು ನಿಜ. ಆದರೆ ಪಟ್ಟಿ ತೆಗೆದು ನೋಡಿ. ತಂದೆ ಮಗನನ್ನು ಪ್ರೀತಿಸುತ್ತಾನೆ ಎಂಬಲ್ಲಿ ಯೋಹಾನ 3:35ರಲ್ಲಿ ಅಗಪಾವೋ ಇದೆ, 5:20ರಲ್ಲಿ ಫಿಲೆಯೋ ಇದೆ. ಜನರು ಬೆಳಕಿಗಿಂತ ಕತ್ತಲೆಯನ್ನು ಪ್ರೀತಿಸಿದರು ಎಂಬ 3:19ರಲ್ಲೂ ಅಗಪಾವೋವೇ. ಕತ್ತಲೆಯ ಮೇಲೆ ದೈವಿಕ ಪ್ರೀತಿಯೇ? ಅದೇ ಅಧ್ಯಾಯ 21ರಲ್ಲಿ ಕುರಿಗೂ ಎರಡು ಪದ, ಮೇಯಿಸುವುದಕ್ಕೂ ಎರಡು ಪದ ಬದಲಾಗುತ್ತವೆ. ಅದರ ಮೇಲೆ ಯಾರೂ ಪ್ರಸಂಗ ಕಟ್ಟುವುದಿಲ್ಲ. ಪದ ಬದಲಿಸಿ ಬದಲಿಸಿ ಬರೆಯುವುದು ಯೋಹಾನನ ಶೈಲಿ ಎಂದೇ ನನಗೆ ಅನ್ನಿಸುತ್ತದೆ.

ನಮಗೆ ಕರಾವಳಿಯವರಿಗೆ ಒಂದು ಲಾಭ ಉಂಟು, ಅದು ತುಳು. ಕನ್ನಡದ "ನಾವು" ಎಂಬುದರಲ್ಲಿ ಕೇಳುವವನು ಸೇರಿದ್ದಾನೋ ಇಲ್ಲವೋ ತಿಳಿಯುವುದಿಲ್ಲ. ಗ್ರೀಕಿನಲ್ಲೂ ಹೀಬ್ರೂವಿನಲ್ಲೂ ತಿಳಿಯುವುದಿಲ್ಲ. ತುಳುವಿನಲ್ಲಿ ಕೇಳುವವನನ್ನು ಸೇರಿಸಿಕೊಂಡರೆ "ನಮ", ಹೊರಗಿಟ್ಟರೆ "ಎಂಕುಲು". ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದು, 1847ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆಯನ್ನು ಕನ್ನಡ ಲಿಪಿಯಲ್ಲಿ ಹೊರತಂದರಲ್ಲ, ಅವರು ಪ್ರತಿಯೊಂದು "ನಾವು" ಬಂದಾಗಲೂ ನಿಂತು ತೀರ್ಮಾನ ಮಾಡಲೇಬೇಕಿತ್ತು. ಮಾರ್ಕ 4:38 ನೋಡಿ. ಬಿರುಗಾಳಿಗೆ ದೋಣಿ ತುಂಬುತ್ತಿದೆ, ಯೇಸು ಮಲಗಿದ್ದಾನೆ. ನಾವು ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ ಎಂದು ಶಿಷ್ಯರು ಎಬ್ಬಿಸುತ್ತಾರೆ. ಗ್ರೀಕಿನಲ್ಲಿ ಅಪೊಲ್ಲುಮೆಥ ಎಂಬ ಒಂದೇ ಪದ. "ನಾವು" ಇರುವುದು ಅದರ ಪ್ರತ್ಯಯದಲ್ಲಿ. ತುಳುವಿನಲ್ಲಿ ಹೇಳುವುದಾದರೆ ಎಂಕುಲೋ, ನಮವೋ?

ಇದನ್ನು ಕೂಟದಲ್ಲಿ ಇಟ್ಟಾಗ ಆದ ಚರ್ಚೆ ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಮಲ್ಪೆ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವರೊಬ್ಬರು ಇದ್ದಾರೆ. ನಡುಸಮುದ್ರದಲ್ಲಿ ಬೋಟಿಗೆ ನೀರು ನುಗ್ಗಿದರೆ ಎಂಕುಲು ಎಂಬ ಮಾತೇ ಬರುವುದಿಲ್ಲ, ಮುಳುಗಿದರೆ ಎಲ್ಲರೂ ಮುಳುಗುವುದು, ಆದ್ದರಿಂದ ನಮ ಎಂದು ಅವರ ವಾದ. ಅವರ ಹೆಂಡತಿ ಒಪ್ಪಲಿಲ್ಲ. "ನಿನಗೆ ಚಿಂತೆಯಿಲ್ಲವೇ ಎಂದು ಬೈಯುತ್ತಿದ್ದಾರಲ್ಲ? ಅವನು ತಮ್ಮ ಜೊತೆ ಸಾಯುತ್ತಾನೆ ಅಂತ ಗ್ರಹಿಸಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಎಂಕುಲೇ." ನನಗೆ ಹೆಂಡತಿಯ ವಾದ ಗಟ್ಟಿ ಅನ್ನಿಸಿತು. ಗ್ರೀಕ್ ವ್ಯಾಕರಣ ಇಲ್ಲಿ ಏನೂ ಸಹಾಯ ಮಾಡುವುದಿಲ್ಲ, ಆದರೆ ತುಳುವಿನಲ್ಲಿ ಯೋಚಿಸಿದ್ದರಿಂದಲೇ ಆ ಪ್ರಶ್ನೆ ಎದ್ದಿತು.

ಹೀಬ್ರೂ ಅಕ್ಷರಗಳನ್ನು ಕಲಿತದ್ದು 23ನೇ ಕೀರ್ತನೆಯಿಂದ. ಇಪ್ಪತ್ತೆರಡೇ ಅಕ್ಷರ, ಬಲದಿಂದ ಎಡಕ್ಕೆ ಓದಬೇಕು. ಎಲ್ಲರಿಗೂ ಬಾಯಿಪಾಠ ಬರುವ ಭಾಗದಿಂದ ಶುರು ಮಾಡುವುದು ಒಳ್ಳೆಯದು, ಮುಂದೇನು ಬರುತ್ತದೆಂದು ಗೊತ್ತಿರುವುದರಿಂದ ಕಣ್ಣು ಬೇಗ ಪಳಗುತ್ತದೆ. "ದಾವೀದನ ಕೀರ್ತನೆ" ಎಂಬ ತಲೆಬರಹ ಬಿಟ್ಟರೆ ಮೊದಲ ಸಾಲಿನಲ್ಲಿ ನಾಲ್ಕೇ ಪದ: ಯೆಹೋವನ ಹೆಸರು, ರೋಯೀ, ಲೋ, ಎಖ್ಸಾರ್. ನಮ್ಮ ಹಳೆಯ ಅನುವಾದವೂ ನಾಲ್ಕೇ ಪದ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಇಂಗ್ಲಿಷಿಗೆ ಒಂಬತ್ತು ಬೇಕಾಯಿತು. ಆ "ಕೊರತೆಪಡೆನು" ಎಂಬ ನಿಷೇಧರೂಪ ಈಗ ಯಾರ ಬಾಯಲ್ಲೂ ಇಲ್ಲ. ಹೊಸಗನ್ನಡ ಮಾಡುತ್ತೇವೆಂದು ಅದನ್ನು ಉದ್ದ ಎಳೆಯುವಾಗ ನನಗಂತೂ ಬೇಸರವಾಗುತ್ತದೆ.

ಅದೇ ಕೀರ್ತನೆಯ ಕೊನೆಯ ವಚನದಲ್ಲಿ ಶುಭವೂ ಕೃಪೆಯೂ ನನ್ನನ್ನು "ಹಿಂಬಾಲಿಸುವವು" ಎಂದಿದೆ. ಹೀಬ್ರೂ ಕ್ರಿಯಾಪದ ರಾದಫ್, ಸಂಖ್ಯೆ 7291. ಪಟ್ಟಿ ಬಿಡಿಸಿದರೆ ವಿಮೋಚನಕಾಂಡ 14ರಲ್ಲಿ ಫರೋಹನ ರಥಗಳು ಇಸ್ರಾಯೇಲ್ಯರ ಹಿಂದೆ ಬಿದ್ದದ್ದು ಇದೇ ಪದ. 1 ಸಮುವೇಲ 26:20ರಲ್ಲಿ ದಾವೀದ ತನ್ನನ್ನು ಕೊಲ್ಲಲು ಹುಡುಕುವ ರಾಜ ಸೌಲನಿಗೆ, ಬೆಟ್ಟದಲ್ಲಿ ಕೌಜುಗವನ್ನು ಬೇಟೆಯಾಡುವ ಹಾಗೆ ನನ್ನ ಬೆನ್ನು ಹತ್ತಿದ್ದೀಯಲ್ಲ ಎನ್ನುವಾಗಲೂ ಇದೇ. ಹಿಂಬಾಲಿಸು ಸಾಧು ಪದ, ಕುರಿ ಕುರುಬನನ್ನು ಹಿಂಬಾಲಿಸಿದ ಹಾಗೆ. ರಾದಫ್‌ಗೆ ನಮ್ಮ "ಬೆನ್ನಟ್ಟು" ಸರಿಯಾಗಿ ಕೂಡುತ್ತದೆ. ಹಿಂದಿನ ವಚನದಲ್ಲಿ ವೈರಿಗಳು ನೋಡುತ್ತ ನಿಂತಿದ್ದಾರೆ. ಬೆನ್ನಟ್ಟಬೇಕಾದವರು ಅವರು, ಬೆನ್ನಟ್ಟುವುದು ಶುಭವೂ ಕೃಪೆಯೂ. ಇದನ್ನು ಹೇಳುವಾಗ ಪಟ್ಟಿಯ ಇನ್ನೊಂದು ಬದಿಯನ್ನೂ ತೋರಿಸಬೇಕು: 34ನೇ ಕೀರ್ತನೆಯಲ್ಲಿ ಸಮಾಧಾನವನ್ನು ಹುಡುಕಿ ಅದರ ಹಿಂದೆ ಹೋಗು ಎಂಬಲ್ಲೂ ರಾದಫ್ ಇದೆ. ಪದದೊಳಗೆ ವೈರ ಇಲ್ಲ, ಬಿಡದೆ ಹೋಗುವ ಓಟ ಇದೆ.

ಆ 34ನ್ನು ಹುಡುಕುವವರಿಗೆ ಒಂದು ಸೂಚನೆ. ನಮ್ಮ ಬೈಬಲಿನಲ್ಲಿ ಅದು 14ನೇ ವಚನ, ಹೀಬ್ರೂವಿನಲ್ಲಿ 15. ಕೀರ್ತನೆಯ ತಲೆಬರಹವನ್ನು ಹೀಬ್ರೂ ಬೈಬಲಿನವರು ಹಲವು ಕಡೆ ವಚನವಾಗಿ ಎಣಿಸುತ್ತಾರೆ. 51ರಲ್ಲಂತೂ ಎರಡು ಸಂಖ್ಯೆ ಮುಂದೆ ಹೋಗುತ್ತದೆ. ಮಲಾಕಿಯ ನಾಲ್ಕು ಅಧ್ಯಾಯ ಅವರಲ್ಲಿ ಮೂರೇ. ಪದ ಸಿಗಲಿಲ್ಲ ಎಂದು ಆ್ಯಪ್ ಮುಚ್ಚುವ ಮೊದಲು ಹಿಂದೆ ಮುಂದೆ ಒಂದೆರಡು ವಚನ ನೋಡಿ.

ಈಗ ನಾನು ಸಿಕ್ಕಿಹಾಕಿಕೊಂಡಿರುವುದು ಅದೇ 23ರ ಕಟ್ಟಕಡೆಯ ಸಾಲಿನಲ್ಲಿ. "ಯೆಹೋವನ ಮಂದಿರದಲ್ಲಿ ವಾಸಿಸುವೆನು" ಎಂದು ನಾವು ಓದುತ್ತೇವೆ. ಹೀಬ್ರೂ ಮೊದಲು ಬರೆಯುತ್ತಿದ್ದದ್ದು ಸ್ವರಚಿಹ್ನೆಗಳಿಲ್ಲದೆ. ಚುಕ್ಕಿ, ಗೆರೆಗಳನ್ನು ಮಸೊರೆಟರು ಎಂಬ ಯೆಹೂದಿ ಪಂಡಿತರು ಎಷ್ಟೋ ಶತಮಾನಗಳ ನಂತರ ಸೇರಿಸಿದರು. ಅವರು ಇಲ್ಲಿ ಹಾಕಿದ ಚಿಹ್ನೆಯಂತೆ ಓದಿದರೆ ವೆಶಬ್ತೀ, "ಹಿಂದಿರುಗುವೆನು" ಎಂದಾಗುತ್ತದೆ. ಅದಕ್ಕೂ ಬಹಳ ಹಿಂದೆ ಯೆಹೂದಿಗಳೇ ಮಾಡಿದ ಗ್ರೀಕ್ ಅನುವಾದದಲ್ಲಿ "ನಾನು ವಾಸಿಸುವುದು" ಎಂಬ ಅರ್ಥವಿದೆ. ಅಂದರೆ ಅವೇ ವ್ಯಂಜನಗಳನ್ನು ಅವರು ಬೇರೆ ಸ್ವರ ಹಾಕಿ ಓದಿರಬೇಕು. ಮೂರನೆಯ ವಚನದಲ್ಲಿ ಪ್ರಾಣವನ್ನು ಚೇತರಿಸುತ್ತಾನೆ ಎಂಬಲ್ಲಿ ಇರುವುದೂ "ಹಿಂದಿರುಗು" ಎಂಬ ಧಾತುವೇ, ಹಾಗಾಗಿ ಕವಿ ಬೇಕೆಂದೇ ಅದನ್ನು ಮತ್ತೆ ತಂದ ಎನ್ನಬಹುದು. ಆದರೆ ಹಿಂದಿರುಗುವುದಾದರೆ "ಮಂದಿರಕ್ಕೆ" ಎಂದಿರಬೇಕಿತ್ತು, ಇಲ್ಲಿರುವುದು "ಮಂದಿರದಲ್ಲಿ". ನೋಟ್‌ಬುಕ್ಕಿನಲ್ಲಿ ಎರಡೂ ಬದಿಯ ವಾಕ್ಯಗಳು ತುಂಬುತ್ತಿವೆ. ಮಂಗಳೂರಿನ ಬಲ್ಮಠದ ಥಿಯೋಲಾಜಿಕಲ್ ಕಾಲೇಜಿನಲ್ಲಿ ಹೀಬ್ರೂ ಓದಿದ ನಮ್ಮ ಸಭಾಪಾಲಕರು "ವಾಸಿಸುವೆನು" ಪಕ್ಷ. ನಾನು ಸದ್ಯಕ್ಕೆ ಇನ್ನೊಂದು ಕಡೆ ವಾಲಿದ್ದೇನೆ.