ಮೊದಲು ಪಾರ್ಟ್, ಆಮೇಲೆ ಸ್ಕೋರ್: ಗ್ರೌಪ್ನರ್ ಹಸ್ತಪ್ರತಿಗಳ ಜೊತೆ ನನ್ನ ಅನುಭವ

"ಒಂದೇ ಕೆಲಸ ಎರಡು ಸಲ ಮಾಡ್ತಿದ್ದೀರಿ, ಬಿಟ್ಟುಬಿಡಿ" ಅಂತ ಇಲ್ಲಿನ ಚರ್ಚಿನ ಕಾಂಟೊರ್ (ಸಂಗೀತದ ಮುಖ್ಯಸ್ಥರು) ಮೂರು ವರ್ಷ ಹೇಳಿದರು. ಹಳೇ ಕೃತಿಯನ್ನು ಮೊದಲು ಪಾರ್ಟ್ (ಒಂದೊಂದು ವಾದ್ಯದ ಬಿಡಿ ಹಾಳೆ) ನೋಡಿ, ಆಮೇಲೆ ಸ್ಕೋರ್ (ಎಲ್ಲರ ಸಾಲುಗಳೂ ಒಟ್ಟಿಗಿರುವ ಪ್ರತಿ) ನೋಡಿ, ಎರಡು ಸಲ ಕಂಪ್ಯೂಟರ್‌ಗೆ ಹಾಕುತ್ತೇನೆ. ಅದಕ್ಕೇ ಆ ಮಾತು. ಹೋದ ಚಳಿಗಾಲ ಅವರೇ ಫೋನ್ ಮಾಡಿ, ಮುಂದಿನ ಕಂಟಾಟಾ (ಹಾಡು, ವಾದ್ಯ ಎರಡೂ ಇರುವ ಕೃತಿ) ಯಾವಾಗ ಕೊಡ್ತೀರಿ ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಳೇ ಹಸ್ತಪ್ರತಿ ನೋಡಿ ನೊಟೇಶನ್ ಹಾಕುವವರಿಗೆ ಮಾತ್ರ ಇದು. ಕ್ಲೆಫ್ ಅಂದರೇನು, ಫಿಗರ್ಡ್ ಬಾಸ್ ಅಂದರೇನು ಅಂತ ಹೇಳುತ್ತಾ ಕೂರುವುದಿಲ್ಲ.

ನಾನಿರುವುದು ಜರ್ಮನಿಯ ಡಾರ್ಮ್‌ಸ್ಟಾಟ್ ಹತ್ತಿರ. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಕ್ರಿಸ್ಟೊಫ್ ಗ್ರೌಪ್ನರ್, ಹದಿನೆಂಟನೇ ಶತಮಾನದಲ್ಲಿ ಇಲ್ಲಿನ ಅರಮನೆಯ ಸಂಗೀತ ರಚನೆಕಾರ. ಆ ಕಾಲದ ಇನ್ನೊಬ್ಬ ರಚನೆಕಾರ ಟೆಲೆಮಾನ್ ಬೇಡ ಅಂದ ಮೇಲೆ ಲೈಪ್‌ಸಿಗ್‌ನವರು ತಮ್ಮ ಕಾಂಟೊರ್ ಹುದ್ದೆಗೆ ಇವನನ್ನು ಕರೆದಿದ್ದರು. ಇಲ್ಲಿನ ದೊರೆ ಬಿಡಲಿಲ್ಲ, ಸಂಬಳ ಜಾಸ್ತಿ ಮಾಡಿ ಉಳಿಸಿಕೊಂಡ. ಹಾಗಾಗಿ 1723ರಲ್ಲಿ ಆ ಜಾಗ ಬಾಖ್‌ಗೆ ಸಿಕ್ಕಿತು. ಗ್ರೌಪ್ನರ್ ಕಣ್ಣು ಹೋಗುವ ತನಕ ಇಲ್ಲೇ ಕೂತು ಬರೆದ. ಚರ್ಚಿನ ಕಂಟಾಟಾಗಳೇ 1,400ಕ್ಕೂ ಜಾಸ್ತಿ. 1760ರಲ್ಲಿ ತೀರಿಕೊಂಡ ಮೇಲೆ ಈ ಕಾಗದಗಳು ಮನೆಯವರದೋ ಅರಮನೆಯದೋ ಅಂತ ಹತ್ತಾರು ವರ್ಷ ವ್ಯಾಜ್ಯ ನಡೆಯಿತು. ವ್ಯಾಜ್ಯದ ಪುಣ್ಯದಿಂದ ಕಟ್ಟು ಚದುರಲಿಲ್ಲ. 1944ರ ಬಾಂಬ್ ದಾಳಿಗೆ ಊರಿನ ನಡುಭಾಗ ಬೂದಿಯಾದರೂ ಇವು ಉಳಿದವು. ಈಗ ಲೈಬ್ರರಿಯವರು ಸ್ಕ್ಯಾನ್ ಮಾಡಿ ಪುಕ್ಕಟೆಯಾಗಿ ಇಟ್ಟಿದ್ದಾರೆ. ಸಂಗೀತ ವಿದ್ವಾಂಸ ಫ್ರೀಡ್ರಿಖ್ ನೋವಾಕ್ 1926ರಲ್ಲೇ ಕೆಲವನ್ನು ಆಯ್ದು ಅಚ್ಚು ಹಾಕಿಸಿದ್ದರು. ಮಿಕ್ಕಿದ್ದರಲ್ಲಿ ನಮ್ಮಂಥವರಿಗೆ ಏಳು ಜನ್ಮಕ್ಕಾಗುವಷ್ಟಿದೆ.

ಮೊದಲನೇದನ್ನು ಎಲ್ಲರ ಹಾಗೆ ಸ್ಕೋರ್ ನೋಡಿಯೇ ಹಾಕಿದೆ. ಸುಮಾರು 60 ಗಂಟೆ ಹಿಡಿಯಿತು. ರಿಹರ್ಸಲ್‌ನಲ್ಲಿ ಒಂದು ಕಡೆ ಎಲ್ಲರೂ ಎಳೆದು ನುಡಿಸುತ್ತಿದ್ದರೆ ಎರಡನೇ ವಯಲಿನ್‌ನವರು ಮಾತ್ರ ಟಕ್ ಟಕ್ ಟಕ್ ಅಂದರು. ಎಲ್ಲರೂ ನಿಲ್ಲಿಸಿ ನನ್ನ ಮುಖ ನೋಡಿದರು. ಸ್ಕ್ಯಾನ್‌ನಲ್ಲಿ ಆ ಮೂರು ಸ್ವರಗಳ ಮೇಲೆ ಮೂರು ಚುಕ್ಕೆ (ಸ್ವರವನ್ನು ಕಡಿದು ನುಡಿಸಿ ಅನ್ನುವ ಗುರುತು) ಇದ್ದದ್ದು ನಿಜ. ಮನೆಗೆ ಬಂದು ಹಿಂದಿನ ಪುಟವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಮೇಲಿಟ್ಟು ನೋಡಿದೆ. ಮೂರೂ ಚುಕ್ಕೆ ಆ ಕಡೆಯ ಮೂರು ಸ್ವರಗಳ ಹೊಟ್ಟೆಗೆ ಸರಿಯಾಗಿ ಕೂತವು. ಶಾಯಿ ಕಾಗದದ ಈ ಕಡೆಗೆ ಇಳಿದಿತ್ತು, ಅಷ್ಟೇ. ಅವತ್ತು ಸಿಕ್ಕ ತಪ್ಪು ನಲವತ್ತರ ಹತ್ತಿರ. ಪಾರ್ಟ್‌ಗಳನ್ನು ಮತ್ತೆ ಪ್ರಿಂಟ್ ಮಾಡಿಸಲು 180 ಯೂರೋ ಹೋಯಿತು. ಚರ್ಚಿನವರು ನನಗೆ ಕೊಟ್ಟಿದ್ದೇ 250.

ಆಮೇಲೆ, ಚಿತ್ರ ನೋಡಿ ತಾನೇ ಸ್ವರ ಗುರುತಿಸುವ ಸಾಫ್ಟ್‌ವೇರ್ ಹಿಡಿದು ಒಂದು ತಿಂಗಳು ಕಳೆದೆ. ಅಚ್ಚಾದ ಪುಸ್ತಕಕ್ಕೆ ಅದು ಸರಿ. ಈ ಕೈಬರಹದ ಮುಂದೆ ಸ್ವರದ ಬಾಲವನ್ನೆಲ್ಲ ಬಾರ್ ಗೆರೆ (ತಾಳದ ಆವರ್ತಗಳನ್ನು ಬೇರ್ಪಡಿಸುವ ನೇರ ಗೆರೆ) ಅಂದುಕೊಂಡಿತು. ಅದು ಸಾಲದು ಅಂತ, ನಾನು ವರ್ಷಗಟ್ಟಲೆ ಬಳಸಿದ್ದ ನೊಟೇಶನ್ ಪ್ರೋಗ್ರಾಂ ನಿಂತೇ ಹೋಯಿತು. ಬೇರೆ ಕಡೆ ಸಾಗಿಸುವಾಗ ಅರ್ಧ ಸ್ಲರ್‌ಗಳು (ಸ್ವರಗಳನ್ನು ಕೂಡಿಸಿ ನುಡಿಸಲು ಹಾಕುವ ಕಮಾನು ಗೆರೆಗಳು) ಮಾಯ. ಅದಕ್ಕೆ ಎರಡು ವಾರದ ರಜೆ ಖರ್ಚಾಯಿತು.

ಈಗ ಮಾಡುವುದು ಹೀಗೆ. ಸ್ಕೋರ್ ಮುಚ್ಚಿಡುತ್ತೇನೆ. ಗ್ರೌಪ್ನರ್‌ನ ಕಂಟಾಟಾಗಳಿಗೆ ಹೆಚ್ಚಾಗಿ ಬಿಡಿ ಪಾರ್ಟ್‌ಗಳೂ ಉಳಿದಿವೆ. ಅವನ್ನು ಒಂದೊಂದಾಗಿ, ಒಂದು ಸಂಜೆಗೆ ಒಂದು ವಾದ್ಯ ಅಂತ ಹಾಕುತ್ತೇನೆ. ಕೇಳುವುದಿಲ್ಲ, ಜೋಡಿಸುವುದಿಲ್ಲ. ಎಲ್ಲ ಮುಗಿದು ಹತ್ತು ದಿನವಾದ ಮೇಲೆ ಸ್ಕೋರ್ ತೆಗೆದು, ಹೊಸ ಫೈಲ್‌ನಲ್ಲಿ ಮತ್ತೆ ಮೊದಲಿನಿಂದ. ಕಡೆಗೆ ಎರಡನ್ನೂ ಬರೀ ಅಕ್ಷರದ ಫೈಲ್ ಮಾಡಿ ಹೋಲಿಸುತ್ತೇನೆ. ಆಫೀಸಿನಲ್ಲಿ ಕೋಡ್‌ಗೆ ದಿನಾ ಮಾಡುವುದೇ ಅಲ್ವಾ ಇದು! ಹೋದ ಸಲ 70 ವ್ಯತ್ಯಾಸ ಬಂತು. ಐವತ್ತಕ್ಕೂ ಜಾಸ್ತಿ ನನ್ನ ಕೈತಪ್ಪು. ಮಿಕ್ಕವು ನಿಜವಾದ ಸರಕು: ಸ್ಕೋರ್‌ನಲ್ಲಿ ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು) ಇಲ್ಲ, ಪಾರ್ಟ್‌ನಲ್ಲಿ ಇದೆ, ಅದೂ ಬೇರೆ ಶಾಯಿಯಲ್ಲಿ, ಆಮೇಲೆ ತುರುಕಿದ್ದು. ಸ್ಕೋರ್ ಒಂದನ್ನೇ ನಂಬಿದವರಿಗೆ ಇದು ಸಿಗುವುದೇ ಇಲ್ಲ. ಎರಡು ಸಲ ಹಾಕಿದರೂ ಈಗ 45 ಗಂಟೆಯಲ್ಲಿ ಮುಗಿಯುತ್ತದೆ, ಯಾಕಂದರೆ ತಪ್ಪು ಹುಡುಕುತ್ತಾ ಕೂರಬೇಕಿಲ್ಲ.

ಹೋಲಿಸುವ ಮುಂಚೆ ಫೈಲ್‌ಗೆ ಒಂದು ಸಣ್ಣ ಸಂಸ್ಕಾರ ಮಾಡಬೇಕು, ಇಲ್ಲದಿದ್ದರೆ ಸಾವಿರ ಸುಳ್ಳು ವ್ಯತ್ಯಾಸ ಬರುತ್ತವೆ. ಅದನ್ನೂ, ಇಳಿದ ಶಾಯಿ ಮಸುಕಾಗಲು ಸ್ಕ್ಯಾನ್‌ನ ಯಾವ ಬಣ್ಣ ಎಷ್ಟು ತಗ್ಗಿಸುತ್ತೇನೆ ಅನ್ನುವುದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಶಾಯಿ ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. ಆ ಕಾಲದ ಶಾಯಿಗೆ ಬೇಕಾದ್ದು ಮಾಚಿಕಾಯಿ, ಅನ್ನಭೇದಿ, ಗೋಂದು. ಊರಿಗೆ ಹೋದಾಗ ಗ್ರಂಧಿಗೆ ಅಂಗಡಿಯಲ್ಲಿ ಮೊದಲೆರಡು ಪೊಟ್ಟಣ ಕಟ್ಟಿಸಿಕೊಂಡು ಬಂದೆ. "ಮಗು ಆಗಿದೆಯಾ?" ಅಂತ ಅಂಗಡಿಯವರು ಕೇಳಿದರು. ಇಲ್ಲಿ ಬಂದು ಕುದಿಸಿ, ಬಾತುಕೋಳಿ ಗರಿ ಕೆತ್ತಿ, ಎರಡು ಪುಟ ನಕಲು ಮಾಡಿದೆ. ಬರೆಯುವಾಗ ತೆಳು ಬೂದು ಬಣ್ಣ, ಮಾರನೇ ದಿನ ಕಪ್ಪು. ಗರಿ ಸವೆದ ಹಾಗೆ ನನ್ನ ನ್ಯಾಚುರಲ್ ಗುರುತುಗಳೆಲ್ಲ (ಏರಿಸಿದ್ದು, ಇಳಿಸಿದ್ದು ರದ್ದು ಅನ್ನುವವು) ಶಾರ್ಪ್ ಥರ ಕಾಣತೊಡಗಿದವು. ಅಂದಿನಿಂದ, ಪುಟದ ಕೊನೆಯ ಸಾಲುಗಳಲ್ಲಿ ಶಾರ್ಪ್ ಕಂಡರೆ ಎರಡು ಸಲ ನೋಡುತ್ತೇನೆ. ಅಡುಗೆಮನೆ ಕಲ್ಲಿನ ಮೇಲಿನ ಕಲೆ ಮಾತ್ರ ಇನ್ನೂ ಹೋಗಿಲ್ಲ.

ದುಡ್ಡಿನ ಮಾತು. ಜರ್ಮನಿಯ ಕಾನೂನಿನಲ್ಲಿ ಹಳೇ ಕೃತಿಗಳನ್ನು ಹೀಗೆ ಶಾಸ್ತ್ರೋಕ್ತವಾಗಿ ಪರಿಶೀಲಿಸಿ ಹೊರತಂದ ಪ್ರತಿಗೆ 25 ವರ್ಷದ ಹಕ್ಕಿದೆ. ಕೇಳೋಕೆ ಚೆನ್ನ. ಹೋದ ವರ್ಷ ನನ್ನ ಪ್ರತಿ ಹನ್ನೊಂದೋ ಹನ್ನೆರಡೋ ಮಾರಾಟವಾದವು. ರಚನೆಕಾರ ಹ್ಯಾಂಡೆಲ್‌ನ ಕೃತಿ ಸಂಪುಟಗಳನ್ನು 1858ರಿಂದ ದಶಕಗಟ್ಟಲೆ ಹೊರತಂದ ಕ್ರಿಸಾಂಡರ್, ಬೆರ್ಗೆಡಾರ್ಫ್‌ನ ತನ್ನ ತೋಟದಲ್ಲೇ ಅಚ್ಚುಕೂಟ ಇಟ್ಟು, ಹೂವು ತರಕಾರಿ ಮಾರಿ ಖರ್ಚು ಹೊಂದಿಸಿದವನು. ನನಗಿರುವುದು ಬಾಲ್ಕನಿ, ಅದರಲ್ಲಿ ಕರಿಬೇವಿನ ಒಂದು ಕುಂಡ.

ಹೋದ ಚಳಿಗಾಲದ ರಿಹರ್ಸಲ್‌ಗೆ ಬರುತ್ತೇನೆ. ಮೊದಲ ಕೋರಸ್‌ನಿಂದ ಕೊನೆಯ ಕೊರಾಲ್ ತನಕ ಎಲ್ಲೂ ನಿಲ್ಲಲಿಲ್ಲ. ಕಾಂಟೊರ್ ಕೋಲು ಕೆಳಗಿಟ್ಟರು. ಆಗ ಬಸೂನ್ (ಊದುವ ವಾದ್ಯ) ನುಡಿಸುವವರು ಕೈ ಎತ್ತಿದರು. ನನ್ನ ಎದೆ ಧಸಕ್ ಅಂತು. ಸ್ವರವೆಲ್ಲ ಸರಿ, ಆದರೆ ಪುಟ ತಿರುಗಿಸಲು ಕೈಗೆ ಬಿಡುವೇ ಇಲ್ಲ ಅಂದರು. ಮನೆಗೆ ಬಂದು ಮೂಲ ಪಾರ್ಟ್ ತೆಗೆದು ನೋಡಿದೆ. ಅಲ್ಲಿ ಪುಟ ಮುಗಿದದ್ದು ಸರಿಯಾಗಿ ನಾಲ್ಕು ಬಾರ್ ವಿರಾಮದ ಮೇಲೆ. ಆ ಸಾಲನ್ನು ನಾನೇ ಕೂತು ಹಾಕಿದ್ದೆ, ಗಮನಿಸಿರಲಿಲ್ಲ.