ಉಪ್ಪುನೀರಿನ ಮೀಟರ್, ಸರ್ಕಾರದ ದುಡ್ಡು, ಊರವರ ಕೆಲಸ: ನನ್ನ ಅನುಭವ

ಓಪನ್ ಹಾರ್ಡ್‌ವೇರ್‌ಗೆ, ಅಂದ್ರೆ ಡಿಸೈನ್ ಎಲ್ಲರಿಗೂ ಬಿಟ್ಟುಕೊಡುವ ಯಂತ್ರಗಳಿಗೆ, ಸರ್ಕಾರದ ಗ್ರಾಂಟ್ ಸಿಗ್ತದಾ ಅಂತ ಎಂಜಿನಿಯರಿಂಗ್ ಮಕ್ಕಳು ಆಗಾಗ ಕೇಳ್ತಾರೆ. ಸಿಗ್ತದೆ. ಆದ್ರೆ ಸಿಕ್ಕಿದ ದುಡ್ಡು ಯಾರ್ಯಾರ ಕೈಗೆ ಹೋಗ್ಬೇಕು ಅಂತ ಅರ್ಜಿ ಬರೆಯುವಾಗಲೇ ಯೋಚನೆ ಮಾಡ್ಬೇಕು, ಆಮೇಲೆ ನೋಡುವ ಅಂದ್ರೆ ಆಗೋದಿಲ್ಲ.

ನಾವು ಮಾಡಿದ್ದು ಬಾವಿಯಲ್ಲಿ, ಹೊಳೆಯಲ್ಲಿ ಎಷ್ಟು ಉಪ್ಪು ಉಂಟು ಅಂತ ತೋರಿಸುವ ಮೀಟರ್. ಉಡುಪಿ ಕಡೆ ಹೊಳೆ ಬದಿಯಲ್ಲಿ ಇರುವವರಿಗೆ ಇದರ ಕಷ್ಟ ಬಿಡಿಸಿ ಹೇಳ್ಬೇಕಾಗಿಲ್ಲ. ಮಳೆ ನಿಂತ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕ್ತಾರೆ, ಒಂದು ಹಲಗೆ ಸಂದಿಯಲ್ಲಿ ಸೋರಿದ್ರೂ ಭರತದ (ಸಮುದ್ರ ಉಬ್ಬುವ) ಹೊತ್ತಿಗೆ ಉಪ್ಪುನೀರು ಮೇಲೆ ಬಂದು ಗದ್ದೆ, ತೋಟ, ಕುಡಿಯುವ ಬಾವಿ ಎಲ್ಲದಕ್ಕೂ ಸೇರ್ತದೆ, ನಾಲಿಗೆಗೆ ಗೊತ್ತಾಗುವಾಗ ತಡ ಆಗಿರ್ತದೆ. ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಒ ಲೆಕ್ಕದಲ್ಲಿ ನೀರಿನ ವಾಹಕತೆ (ಕರೆಂಟ್ ಹರಿಯುವ ಗುಣ, ಉಪ್ಪು ಹೆಚ್ಚಾದ ಹಾಗೆ ಇದೂ ಹೆಚ್ಚು) ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದ್ರೆ ಅದನ್ನ ಬೆಳೆಗೆ ಬಿಡೋದು ಕಷ್ಟ. ಸಮುದ್ರದ ನೀರು 50ರ ಹತ್ತಿರ ಉಂಟು, ಹಾಗಾಗಿ ಸ್ವಲ್ಪ ಬೆರೆತ್ರೂ ಸಾಕು.

ಅಳೆಯೋದು ಹೇಳೋದಕ್ಕೆ ಸುಲಭ, ಎರಡು ಎಲೆಕ್ಟ್ರೋಡ್ ನೀರಿಗಿಟ್ಟು ಕರೆಂಟ್ ಎಷ್ಟು ಹರೀತದೆ ಅಂತ ನೋಡೋದು. ಆದ್ರೆ ಡಿಸಿ ಕೊಟ್ರೆ ಎಲೆಕ್ಟ್ರೋಡ್ ಮೇಲೆ ಅಯಾನು ಕೂತು ರೀಡಿಂಗ್ ಜಾರ್ತಾ ಹೋಗ್ತದೆ, ಲೋಹವೂ ತಿಂದು ಹೋಗ್ತದೆ, ಅದಕ್ಕೆ ಎಸಿ ಸಿಗ್ನಲ್ಲೇ ಕೊಡ್ಬೇಕು. ನೀರು ಒಂದು ಡಿಗ್ರಿ ಬಿಸಿಯಾದ್ರೆ ರೀಡಿಂಗ್ ಸುಮಾರು 2 ಪರ್ಸೆಂಟ್ ಏರ್ತದೆ, ಆದ್ದರಿಂದ ಜೊತೆಗೆ ಟೆಂಪರೇಚರ್ ಸೆನ್ಸರ್ ಇಟ್ಟು 25 ಡಿಗ್ರಿಗೆ ಸರಿ ಮಾಡಿಕೊಳ್ಬೇಕು. ಇಷ್ಟು ಪುಸ್ತಕದಲ್ಲೇ ಉಂಟು.

ಪುಸ್ತಕದಲ್ಲಿ ಇಲ್ಲದ್ದನ್ನ ಹೇಳಿಕೊಟ್ಟದ್ದು ಮಲ್ಪೆಯಲ್ಲಿ ಬೋಟಿನ ವೈರಿಂಗ್ ಮಾಡುವ ಒಬ್ಬರು. ನಮ್ಮ ಡಬ್ಬ ಬಿಚ್ಚಿ, ಕೇಬಲಿನ ತುದಿ ಸ್ವಲ್ಪ ಸುಲಿದು ತೋರಿಸಿದ್ರು, ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದು ಪುಡಿ ಪುಡಿ. "ನೀರು ಮುಚ್ಚಳದಿಂದ ಬರೋದಲ್ಲ ಮಾರಾಯ್ರೆ, ವಯರಿನ ಒಳಗಿಂದಲೇ ಹತ್ತಿಕೊಂಡು ಬರ್ತದೆ" ಅಂದ್ರು. ಎಳೆ ಎಳೆಯಾಗಿರುವ ವಯರಿನ ಸಂದಿಯಲ್ಲಿ ನೀರು ತಾನಾಗಿ ಏರ್ತದಲ್ಲ, ಅದೇ. ಜಾಯಿಂಟಿನ ಹತ್ತಿರ ಸಿಪ್ಪೆ ತೆಗೆದು, ಎಳೆಗಳ ನಡುವೆ ಸೀಸ ತುಂಬಿಸಿ ಬೆಸುಗೆ ಹಾಕಿ, ಅದರ ಮೇಲೆ ಎಪಾಕ್ಸಿ ಹೊಯ್ಯೋದನ್ನ ಅವರೇ ಮಾಡಿ ತೋರಿಸಿದ್ರು. ಅದರ ಫೋಟೋ ನಮ್ಮ ಅಸೆಂಬ್ಲಿ ಗೈಡಿನಲ್ಲಿ ಉಂಟು, ಅವರ ಹೆಸರು ಡಿಸೈನ್ ಮಾಡಿದವರ ಪಟ್ಟಿಯಲ್ಲೇ ಉಂಟು, ಯಾಕಂದ್ರೆ ಅದು ಡಿಸೈನೇ.

ಈಗ ದುಡ್ಡಿನ ವಿಷಯ. ಇಲ್ಲಿನ ಸ್ಕೀಮ್‌ಗಳು ಹೆಚ್ಚಾಗಿ ಇನ್‌ಕ್ಯುಬೇಷನ್ ಸೆಂಟರ್ (ಹೊಸ ಉದ್ಯಮಗಳನ್ನ ಬೆಳೆಸುವ ಕೇಂದ್ರ) ಮೂಲಕ ಬರ್ತವೆ, ಕೇಂದ್ರ ಸರ್ಕಾರದ ನಿಧಿ-ಪ್ರಯಾಸ್ ಸ್ಕೀಮ್‌ನಲ್ಲಿ ಪ್ರೋಟೋಟೈಪ್‌ಗೆ 10 ಲಕ್ಷದವರೆಗೆ ಕೊಡ್ತಾರೆ. ನಮ್ಮದೂ ಅದೇ ಜಾತಿಯ ಒಂದು ಸಣ್ಣ ಗ್ರಾಂಟ್. ಅರ್ಜಿ ಬರೆಯೋದು ನಾನು ಕಲಿತದ್ದು ಮಾತ್ರ ನೆದರ್ಲೆಂಡ್ಸಿನ ಎನ್‌ಎಲ್‌ನೆಟ್ ಫೌಂಡೇಶನ್ನಿನ ಪದ್ಧತಿ ನೋಡಿ. ಅವರು ಯುರೋಪಿಯನ್ ಕಮಿಷನ್ನಿನ ದುಡ್ಡನ್ನ 5 ಸಾವಿರದಿಂದ 50 ಸಾವಿರ ಯೂರೋದ ಸಣ್ಣ ಗ್ರಾಂಟ್ ಮಾಡಿ ಹಂಚ್ತಾರೆ, ಕೆಲಸವನ್ನ ಮೈಲ್‌ಸ್ಟೋನ್ ಆಗಿ ಒಡೆದು, ಒಂದೊಂದು ಮುಗಿದು ಎಲ್ಲರಿಗೂ ಕಾಣುವ ಹಾಗೆ ಪ್ರಕಟ ಆದ ಮೇಲೆ ಅದರ ಪಾಲು ಕೊಡ್ತಾರೆ. ಅದನ್ನ ನೋಡಿ ನಾವು "ಸೆನ್ಸರ್ ತಯಾರಿಸುತ್ತೇವೆ" ಅಂತ ಬರೆಯಲಿಲ್ಲ. ನಮ್ಮನ್ನ ಒಂದು ಮಾತೂ ಕೇಳದೆ ಬೇರೆಯವರು ಬರೀ ನಮ್ಮ ಫೈಲು ನೋಡಿ ಮೀಟರ್ ಕಟ್ಬೇಕು, ಅದು ನಮ್ಮ ಮೀಟರಿನಷ್ಟೇ ರೀಡಿಂಗ್ ಕೊಡ್ಬೇಕು ಅಂತ ಒಂದು ಮೈಲ್‌ಸ್ಟೋನ್ ಇಟ್ಟೆವು. ಕಟ್ಟುವವರಿಗೆ ಕಿಟ್ ಮತ್ತು ಕೂಲಿ, ಬಾವಿ ಬಿಟ್ಟುಕೊಟ್ಟು ದಿನಾ ನೋಡುವ ಕೃಷಿಕರಿಗೆ ಗೌರವಧನ, ಕನ್ನಡದಲ್ಲಿ ಗೈಡ್ ಬರೆಯುವವರಿಗೆ ಸಂಬಳ, ಎಲ್ಲವೂ ಬಜೆಟ್‌ನಲ್ಲಿ ಬೇರೆ ಬೇರೆ ಸಾಲು.

ಗ್ರಾಂಟ್ ಕಮಿಟಿಯವರು ಕೇಳಿದ್ದು ಪೇಟೆಂಟ್ ಯಾವಾಗ ಅಂತ. ಸಾರ್ವಜನಿಕರ ದುಡ್ಡಲ್ಲಿ ಆದದ್ದು ಸಾರ್ವಜನಿಕರಿಗೇ ಸಿಗ್ಬೇಕು ಅಂದೆ, ಆದ್ರೆ ಅಷ್ಟೇ ಹೇಳಿದ್ರೆ ಅವರ ಫೈಲಿನ ಕಾಲಂ ತುಂಬೋದಿಲ್ಲ. ಹಾಗಾಗಿ ಲೈಸೆನ್ಸ್ ಬಿಡಿಸಿ ಹೇಳಿದೆ. ಯುರೋಪಿನ ದೇಶಗಳು ಸೇರಿ ನಡೆಸುವ ಭೌತಶಾಸ್ತ್ರ ಲ್ಯಾಬ್ ಸೆರ್ನ್ ಬರೆದ ಓಪನ್ ಹಾರ್ಡ್‌ವೇರ್ ಲೈಸೆನ್ಸ್‌ನ 2020ರ ಎರಡನೇ ವರ್ಷನ್‌ನಲ್ಲಿ ಎಸ್, ಡಬ್ಲ್ಯೂ, ಪಿ ಅಂತ ಮೂರು ಬಗೆ ಉಂಟು. ನಾವು ತೆಗೊಂಡದ್ದು ಎಸ್. ಯಾರು ಬೇಕಾದ್ರೂ ಮಾಡಿ ಮಾರಬಹುದು, ಲಾಭವೂ ಅವರದ್ದೇ, ಆದ್ರೆ ತಿದ್ದಿದ ಡಿಸೈನನ್ನ ಅದೇ ಲೈಸೆನ್ಸ್‌ನಲ್ಲಿ ಬಿಟ್ಟುಕೊಡ್ಬೇಕು. ನಮ್ಮ ಬೋರ್ಡ್ ಡಿಸೈನ್ ಆದದ್ದು ಕಿಕ್ಯಾಡ್‌ನಲ್ಲಿ, ಆ ಸಾಫ್ಟ್‌ವೇರಿಗೆ ಸೆರ್ನ್‌ನ ಎಂಜಿನಿಯರ್‌ಗಳೇ ಕೂತು ಕೋಡ್ ಬರೆದಿದ್ದಾರೆ. ಬೇರೆ ದೇಶದವರ ತೆರಿಗೆ ದುಡ್ಡು ಹೀಗೆ ಉಡುಪಿಗೆ ಫ್ರೀಯಾಗಿ ಬಂದಿರುವಾಗ ನಾವು ಬಾಗಿಲು ಹಾಕಿಕೊಳ್ಳೋದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸ್ತದೆ, ಅದನ್ನೂ ಅಲ್ಲೇ ಹೇಳಿದೆ. ಒಪ್ಪಿದ್ರು.

ಹೊರಗಿನವರು ನೋಡಿದ್ದರ ಲಾಭ ಇನ್ನೊಂದು ಕಡೆಯೂ ಸಿಕ್ಕಿತು. ರೀಡಿಂಗ್ ಕಳಿಸುವ ರೇಡಿಯೋಗೆ ಲೋರಾ (ಕಮ್ಮಿ ಕರೆಂಟಿನಲ್ಲಿ ದೂರ ಹೋಗುವ ರೇಡಿಯೋ ಪದ್ಧತಿ) ಹಾಕಿದ್ದೆವು, ಫೈಲು ನೋಡಿದ ಮಂಗಳೂರಿನ ಒಬ್ಬ ಹುಡುಗಿ, ಈ ಉದಾಹರಣೆ ಕೋಡ್‌ಗಳೆಲ್ಲ ಯುರೋಪಿನ 868 ಮೆಗಾಹರ್ಟ್ಸ್‌ಗಿಂತ ಸ್ವಲ್ಪ ಮೇಲಿನ ಚಾನೆಲ್‌ಗಳಿಗೆ ಇರೋದು, ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸೋದಕ್ಕೆ ಬಿಟ್ಟದ್ದು 865ರಿಂದ 868, ಕಟ್ಟುವವರು ಗೊತ್ತಿಲ್ಲದೆ ಹಾಗೇ ಬಿಡ್ತಾರೆ ಅಂತ ಸೆಟ್ಟಿಂಗನ್ನ ಬೂಟ್ ಆಗುವಾಗಲೇ ಚೆಕ್ ಮಾಡುವ ಹಾಗೆ ಬರೆದು ಕಳಿಸಿದ್ಲು.

ಲೆಕ್ಕ ಕೊಡೋದು ಮಾತ್ರ ತಲೆನೋವು, ಈಗಲೇ ಹೇಳ್ತೇನೆ. ಕೊನೆಗೆ ಕೇಂದ್ರದ ಹಣಕಾಸು ನಿಯಮದ ಜಿಎಫ್‌ಆರ್ 12-ಎ ಫಾರ್ಮಿನಲ್ಲಿ ಯುಟಿಲೈಸೇಶನ್ ಸರ್ಟಿಫಿಕೇಟ್ (ದುಡ್ಡು ಹೇಳಿದ ಕೆಲಸಕ್ಕೇ ಖರ್ಚಾಯಿತು ಅನ್ನುವ ಪತ್ರ) ಕೊಡ್ಬೇಕು, ಸಿಎ ಹತ್ತಿರ ಹೋದ್ರೆ ಅವರು ಬಿಲ್ ಕೇಳ್ತಾರೆ, ಬೋಟಿನ ವೈರಿಂಗ್ ಮಾಡುವವರ ಹತ್ತಿರ, ಕೃಷಿಕರ ಹತ್ತಿರ ಜಿಎಸ್‌ಟಿ ಬಿಲ್ ಎಲ್ಲಿಂದ ಬರ್ಬೇಕು? ನಾವು ಶುರುವಿನಲ್ಲೇ ಸೆಂಟರಿನ ಅಕೌಂಟ್ಸ್‌ನವರ ಜೊತೆ ಕೂತು ಒಂದು ವೋಚರ್ ಮಾದರಿ ಒಪ್ಪಿಸಿಕೊಂಡೆವು, ಯಾವ ಕೆಲಸ, ಯಾವ ತಾರೀಕು, ಸಹಿ, ದುಡ್ಡು ಬ್ಯಾಂಕ್ ಅಥವಾ ಯುಪಿಐ ಮೂಲಕ ಮಾತ್ರ. ಗ್ರಾಂಟ್ ಬಂದ ವಾರವೇ ಇದನ್ನ ಮಾಡಿಕೊಳ್ಳಿ, ಮಾರ್ಚ್ ತಿಂಗಳಲ್ಲಿ ಯಾರಿಗೂ ಪುರುಸೊತ್ತು ಇರೋದಿಲ್ಲ.

ಗ್ರಾಂಟ್ ಮುಗಿದಿದೆ. ಈಗ ಬೇಕಾದದ್ದು ಕ್ಯಾಲಿಬ್ರೇಷನ್ ಮಾಡಿಕೊಡುವ ಲ್ಯಾಬ್. ಯಾವುದಾದ್ರೂ ಕಾಲೇಜಿನ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟಿನವರು ಹಲಗೆ ಹಾಕುವ ಮೊದಲು ಮೀಟರ್‌ಗಳನ್ನ ವಾಹಕತೆ ಮೊದಲೇ ಗೊತ್ತಿರುವ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣದಲ್ಲಿಟ್ಟು ರೀಡಿಂಗ್ ಸರಿ ಉಂಟಾ ಅಂತ ನೋಡಿ ಕೊಡುವ ಹಾಗಿದ್ರೆ ತಿಳಿಸಿ, ದ್ರಾವಣದ ಖರ್ಚು ನಾವು ಕೊಡ್ತೇವೆ.